ನೋಡುವವರ ಕಾಯಕ

ತೇರಿನ ಹಗ್ಗವನ್ನು ಕೈಯಿಂದ ಮುಟ್ಟದವನೂ ತೇರನ್ನು ಕಣ್ಣಾರೆ ಕಂಡುದರಿಂದಲೇ ಧನ್ಯನಾದೆನೆಂದು ಭಾವಿಸಿ ಮನೆಗೆ ಹಿಂದಿರುಗುವುದು ನಮ್ಮ ಜಾತ್ರೆಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ನೋಟಕ್ಕೆ ಫಲವುಂಟೆಂಬ ಈ ನಂಬಿಕೆ ಸುಳ್ಳಲ್ಲ. ಆದರೆ ಫಲವುಳ್ಳ ಕ್ರಿಯೆಗೆ ಹೊಣೆಯೂ ಉಂಟಷ್ಟೆ. ಕೈಯಿಂದ ಮಾಡಿದುದಕ್ಕೆ ಉತ್ತರ ಹೇಳಬೇಕಾದ ಮನುಷ್ಯನು ಕಣ್ಣಿನಿಂದ ಮಾಡಿದುದಕ್ಕೆ ಉತ್ತರ ಹೇಳಬೇಕಾಗಿಲ್ಲವೆಂದು ತಿಳಿಯುವುದು ತನ್ನ ಅನುಕೂಲಕ್ಕೆ ತಾನೇ ಮಾಡಿಕೊಂಡ ವಿನಾಯಿತಿಯೇ ಹೊರತು ಧರ್ಮವು ಕೊಟ್ಟುದಲ್ಲ. ದೂರದಲ್ಲಿ ಕುಳಿತವನು 'ನಾನೇನು ಮಾಡಿದೆ? ಬರಿದೆ ನೋಡಿದೆ' ಎನ್ನುತ್ತಾನೆ. ಈ 'ಬರಿದೆ' ಎಂಬ ಮಾತು ಎಷ್ಟು ಬರಿದು ಎಂಬುದನ್ನು ವಿಚಾರಿಸಬೇಕು. ಅದರಲ್ಲಿಯೂ ಆತನು ನೋಡುತ್ತಿರುವುದು ಮಕ್ಕಳನ್ನಾದರೆ ವಿಚಾರಿಸಲೇಬೇಕು.

ಮಕ್ಕಳ ಆಟವನ್ನು ಒಂದು ರಾಷ್ಟ್ರವೇ ಕಣ್ಣಿಟ್ಟು ನೋಡುವ ಸ್ಥಳವೊಂದು ಜಪಾನು ದೇಶದಲ್ಲಿದೆ. ಓಸಾಕಾ, ಕೋಬೆ ಎಂಬ ಎರಡು ಮಹಾನಗರಗಳ ನಡುವಣ ನಿಶಿನೋಮಿಯಾ ಎಂಬ ಊರಿನಲ್ಲಿರುವ ಆ ಕ್ರೀಡಾಂಗಣದ ಹೆಸರು ಕೋಶಿಯೆನ್. ಪ್ರತಿ ವರ್ಷ ಆಗಸ್ಟ್ ತಿಂಗಳಿನಲ್ಲಿ ಅಲ್ಲಿ ಹದಿನೈದರಿಂದ ಹದಿನೆಂಟರ ವಯಸ್ಸಿನ ಪ್ರೌಢಶಾಲಾ ಬಾಲಕರ ಬೇಸ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. ಇದು 1915ರಲ್ಲಿ ಹತ್ತು ಶಾಲೆಗಳೊಡನೆ ಬೇರೊಂದು ಮೈದಾನದಲ್ಲಿ ಆರಂಭವಾಯಿತು. ನೋಡಬಂದವರ ದಟ್ಟಣೆಯನ್ನು ಹಳೆಯ ಮೈದಾನಗಳು ತಾಳದೆ ಹೋದುದರಿಂದ 1924ರಲ್ಲಿ ಕೋಶಿಯೆನ್ ನಿರ್ಮಿತವಾಯಿತು. ಎಂದರೆ, ಆಡುವವರಿಗಾಗಿ ಎನ್ನುವುದಕ್ಕಿಂತ ನೋಡುವವರಿಗಾಗಿ ಕಟ್ಟಿದ ಸ್ಥಳವಿದು. ಆ ವರ್ಷ ಅವರ ಪಂಚಾಂಗದ ಅರವತ್ತು ಸಂವತ್ಸರಗಳ ಚಕ್ರದಲ್ಲಿ ಮೊದಲನೆಯದಾಗಿತ್ತು, ನಮ್ಮಲ್ಲಿ ಪ್ರಭವವಿದ್ದಂತೆ. ಆ ಸಂವತ್ಸರದ ಹೆಸರನ್ನೇ ಮೈದಾನಕ್ಕೆ ಇಟ್ಟರು. ಚೆಂಡಾಟದ ಬಯಲಿಗೆ ಸಂವತ್ಸರದ ಹೆಸರನ್ನಿಡುವ ಜನರು ಆಟವನ್ನು ಹಗುರವಾಗಿ ಕಾಣುವವರಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಬೇಸ್‌ಬಾಲ್ ನಮ್ಮವರಿಗೆ ಅಷ್ಟಾಗಿ ಪರಿಚಿತವಲ್ಲ. ಕ್ರಿಕೆಟ್ಟನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು: ಎಸೆತಗಾರನು ಚೆಂಡನ್ನು ಎಸೆಯುತ್ತಾನೆ, ದಾಂಡು ಹಿಡಿದವನು ಹೊಡೆದು ಓಡಿ, ಮೂರು ನೆಲೆಗಳನ್ನು ಸುತ್ತಿ ಹೊರಟ ಸ್ಥಳಕ್ಕೆ ಮರಳಿ ಮುಟ್ಟಿದರೆ ಒಂದು ಓಟ. ಎರಡೂ ಪಕ್ಷಗಳು ಸರದಿಯಂತೆ ಒಂಬತ್ತು ಬಾರಿ ದಾಂಡು ಹಿಡಿಯುತ್ತವೆ. ಪಂದ್ಯಾವಳಿಯ ಕಟ್ಟಳೆ ಕಠಿಣವಾದುದು. ಒಮ್ಮೆ ಸೋತ ಶಾಲೆಗೆ ಮತ್ತೆ ಅವಕಾಶವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸುಮಾರು 3,400 ಪಕ್ಷಗಳು ತಮ್ಮ ತಮ್ಮ ಪ್ರಾಂತಗಳಲ್ಲಿ ಸೆಣಸುತ್ತವೆ. ಅವುಗಳಲ್ಲಿ 49 ಮಾತ್ರ ಕೋಶಿಯೆನ್‌ಗೆ ಬರುತ್ತವೆ. ಕೊನೆಗೆ ಸೋಲದೆ ಉಳಿಯುವುದು ಒಂದು. ಆದುದರಿಂದ ಅಲ್ಲಿಗೆ ಹೋದ ಪ್ರೇಕ್ಷಕನು ಗೆಲುವನ್ನು ನೋಡಲು ಬಂದೆನೆಂದು ತಿಳಿದಿದ್ದರೂ ಅವನ ಕಣ್ಣಿಗೆ ದಿನದಿನವೂ ಬೀಳುವುದು ಮಕ್ಕಳ ಸೋಲು. ಆ ಸೋಲನ್ನು ಆತನು ಹೇಗೆ ನೋಡುತ್ತಾನೆ ಎಂಬುದರಲ್ಲಿ ಆತನ ಯೋಗ್ಯತೆಯಿದೆ.

ಸುಮಾರು 47 ಸಾವಿರ ಜನ ಕುಳಿತುಕೊಳ್ಳಬಹುದಾದ ಆ ಅಂಗಣದಲ್ಲಿ ಕಪ್ಪು ಮಣ್ಣಿನ ಒಳಬಯಲು, ಅದರಾಚೆಗೆ ಹಸುರು ಹುಲ್ಲು. ಒಳಬಯಲಿನ ಹಿಂದಿರುವ ಆಸನಗಳಿಗೆ ಚಾವಣಿಯ ನೆರಳುಂಟು. ಎರಡು ಪಕ್ಕಗಳಲ್ಲಿ ಕಡಿದಾಗಿ ಮೇಲೇರುವ ಮೆಟ್ಟಿಲುಸಾಲುಗಳಿಗೆ ಆಲ್ಪ್ಸ್ ಎಂದು ಹೆಸರು. ಬಿಳಿಯ ಅಂಗಿಗಳನ್ನು ತೊಟ್ಟ ಜನರು ತುಂಬಿ ಕುಳಿತಾಗ ಅವು ಹಿಮದ ಪರ್ವತಗಳಂತೆ ತೋರಿದುವೆಂದು ಹೇಳುತ್ತಾರೆ. ಹೆಸರು ಹಿಮದ್ದಾದರೂ ಅಲ್ಲಿ ಹಿಮದ ತಂಪಿಲ್ಲ. ಆಗಸ್ಟ್ ತಿಂಗಳ ಬಿಸಿಲು ನೇರವಾಗಿ ನೆತ್ತಿಯ ಮೇಲೆ ಬೀಳುತ್ತದೆ. ಒಡೆದ ಮಂಜುಗಡ್ಡೆಯನ್ನು ಚೀಲದಲ್ಲಿ ತುಂಬಿ ಮಾರುವ ಪದ್ಧತಿ 1957ರಿಂದ ಅಲ್ಲಿ ಪ್ರಸಿದ್ಧವಾಗಿದೆ. ಕೊಂಡವರು ಮೊದಲು ಅದನ್ನು ಕುತ್ತಿಗೆಗೆ ಒತ್ತಿಕೊಂಡು ತಂಪು ಮಾಡಿಕೊಂಡು, ಕರಗಿದ ಮೇಲೆ ಆ ನೀರನ್ನೇ ಹೀರುತ್ತಾರೆ. ಒಂದೇ ಕಾಸಿನಲ್ಲಿ ಎರಡು ಪ್ರಯೋಜನ!

ಆಲ್ಪ್ಸ್ ಸಾಲುಗಳಲ್ಲಿ ಕುಳಿತುಕೊಳ್ಳುವವರು ಆಡುವ ಶಾಲೆಗಳ ಸ್ವಂತ ಜನ: ಸಹಪಾಠಿಗಳು, ತಾಯಿತಂದೆಗಳು, ಹಳೆಯ ವಿದ್ಯಾರ್ಥಿಗಳು, ಊರಿನವರು. ಅವರೊಡನೆ ಶಾಲೆಯ ವಾದ್ಯವೃಂದ. ಹಿತ್ತಾಳೆಯ ತುತ್ತೂರಿಗಳೂ ದೊಡ್ಡ ಮದ್ದಳೆಗಳೂ ಮೊಳಗುತ್ತಿರುವಾಗ ಸಾವಿರಾರು ಮಂದಿ ಒಂದೇ ಕೊರಳಿನಿಂದ ದಾಂಡು ಹಿಡಿದ ಹುಡುಗನ ಹೆಸರನ್ನು ಕೂಗುತ್ತಾರೆ. ಇದರಲ್ಲಿ ಒಂದು ನಿಯಮವುಂಟು. ಅದು ಬಹಳ ಮನನೀಯವಾದುದು. ತಮ್ಮ ಹುಡುಗರು ದಾಂಡು ಹಿಡಿದಾಗ ಮಾತ್ರ ವಾದ್ಯ ನುಡಿಸಬೇಕು. ಎದುರು ಪಕ್ಷದ ಸರದಿ ಬಂದೊಡನೆ ಇವರು ತುತ್ತೂರಿಗಳನ್ನು ತೊಡೆಯ ಮೇಲಿಟ್ಟು ಸುಮ್ಮನಾಗುತ್ತಾರೆ. ಆಗ ಆಚೆಯ ಸಾಲಿನವರ ಮದ್ದಳೆ ಮೊಳಗುತ್ತದೆ. ಪಂದ್ಯದ ಅರ್ಧ ಕಾಲ ತಮ್ಮ ಉತ್ಸಾಹವನ್ನು ಹೇಳುವುದು, ಉಳಿದ ಅರ್ಧ ಕಾಲ ಇನ್ನೊಬ್ಬರ ಉತ್ಸಾಹವನ್ನು ಕೇಳುವುದು. ಎದುರು ಶಾಲೆಯ ಹೆಸರನ್ನು ಕೂಗಿ ಶುಭ ಕೋರುವ ವಾಡಿಕೆಯೂ ಅವರಲ್ಲಿದೆ. ನುಡಿಯುವುದನ್ನು ಕಲಿಸಲು ಸಾವಿರ ಗುರುಗಳು ಸಿಕ್ಕಾರು. ಬಿಸಿರಕ್ತದ ತರುಣರ ಗುಂಪಿಗೆ ತಕ್ಕ ಹೊತ್ತಿನಲ್ಲಿ ಸುಮ್ಮನಿರುವುದನ್ನು ಕಲಿಸುವುದು ಎಷ್ಟು ಕಷ್ಟವೆಂಬುದನ್ನು ಶಾಲೆಯ ಗಂಟೆಯ ಕೆಳಗೆ ನಿಂತ ಯಾವ ಉಪಾಧ್ಯಾಯನಾದರೂ ಹೇಳಬಲ್ಲನು.

ಆ ಸಾಲುಗಳಲ್ಲಿಯೇ ಇನ್ನೊಂದು ವರ್ಗದ ಪ್ರೇಕ್ಷಕರಿದ್ದಾರೆ. ಅವರ ಕಡೆಗೆ ಚಿತ್ರ ತೆಗೆಯುವವರ ಯಂತ್ರಗಳು ಹೆಚ್ಚಾಗಿ ತಿರುಗುವುದಿಲ್ಲ. ದೊಡ್ಡ ಶಾಲೆಗಳ ಪಕ್ಷದಲ್ಲಿ ನೂರಕ್ಕೂ ಮಿಕ್ಕಿ ಹುಡುಗರು ಮೂರು ವರ್ಷ ಅಭ್ಯಾಸ ಮಾಡಿರುತ್ತಾರೆ. ಆದರೆ ಪಂದ್ಯಕ್ಕೆ ಹೆಸರು ಕೊಡಬಹುದಾದುದು ಬಹುಕಾಲ 18 ಮಂದಿಗೆ ಮಾತ್ರ. 2023ರಿಂದ ಅದನ್ನು 20ಕ್ಕೆ ಏರಿಸಿದ್ದಾರೆ. ಉಳಿದವರು ಆಟದ ಉಡುಪನ್ನೇ ತೊಟ್ಟು ಮೆಟ್ಟಿಲುಸಾಲಿನಲ್ಲಿ ನಿಂತು ಕೂಗುತ್ತಾರೆ. ಅವರಲ್ಲಿ ಕೊನೆಯ ವರ್ಷದ ಹುಡುಗರಿಗೆ ಮುಂದಿನ ಬೇಸಗೆ ಇಲ್ಲ. ತನಗೆ ದೊರೆಯದ ಸ್ಥಾನದಲ್ಲಿ ತನ್ನ ಗೆಳೆಯನು, ಕೆಲವೊಮ್ಮೆ ತನಗಿಂತ ಕಿರಿಯನು ನಿಂತಿರುವುದನ್ನು ಕಣ್ಣೆದುರು ಕಾಣುತ್ತ, ಗಂಟಲು ಹರಿಯುವಂತೆ ಆ ಕಿರಿಯನ ಹೆಸರನ್ನೇ ಕೂಗುವ ಈ ಬಾಲಕನು ಮಾಡುತ್ತಿರುವುದೇನು? ಹೊರಗಿನಿಂದ ನೋಡಿದರೆ ಕೂಗಾಟ. ಒಳಹೊಕ್ಕು ನೋಡಿದರೆ ಮಾತ್ಸರ್ಯದ ಹೆಡೆಯನ್ನು ಕ್ಷಣಕ್ಷಣವೂ ಮೆಟ್ಟುತ್ತಿರುವ ಒಂದು ತಪಸ್ಸು. ಶರಣರು ಕಾಯಕದಲ್ಲಿ ಮೇಲುಕೀಳುಗಳಿಲ್ಲವೆಂದು ಸಾರಿದುದನ್ನು ಬಾಯಿಪಾಠವಾಗಿ ಒಪ್ಪಿಸುವುದು ಸುಲಭ. ಮೈದಾನದಲ್ಲಿರುವ ಇಪ್ಪತ್ತು ಮಂದಿಗೂ ಮೆಟ್ಟಿಲ ಮೇಲಿರುವ ನೂರು ಮಂದಿಗೂ ಒಂದೇ ಗೌರವವೆಂದು ಹದಿನೇಳರ ಹರೆಯದಲ್ಲಿ ನಂಬಿ ನಡೆಯುವುದು ಸುಲಭವಲ್ಲ. ಎಲ್ಲ ಬಾಲಕರೂ ನಂಬುತ್ತಾರೆಂದೂ ಹೇಳಲಾಗದು. ನಂಬದೆ ಕೂಗುವವನ ದುಃಖ ಇನ್ನೂ ದೊಡ್ಡದು.

ಪಂದ್ಯವು ಸೈರನ್ನಿನ ಮೊಳಗಿನೊಡನೆ ಆರಂಭವಾಗಿ ಸೈರನ್ನಿನೊಡನೆಯೇ ಮುಗಿಯುತ್ತದೆ. ಮುಗಿದಾಗ ಎರಡೂ ಪಕ್ಷದವರು ಎದುರುಬದುರು ಸಾಲಾಗಿ ನಿಂತು ತಲೆಬಾಗುತ್ತಾರೆ. ಗೆದ್ದ ಶಾಲೆಯ ಗೀತೆಯನ್ನು ನುಡಿಸಿ ಅದರ ಧ್ವಜವನ್ನೇರಿಸುತ್ತಾರೆ. ಆ ಬಳಿಕ ಸೋತ ಹುಡುಗರು ತಮ್ಮ ಆಲ್ಪ್ಸ್ ಸಾಲಿನ ಮುಂದೆ ಓಡಿಬಂದು ಬಾಗಿ ವಂದಿಸುತ್ತಾರೆ. ಅನೇಕರು ತಲೆಯೆತ್ತಲಾರದೆ ಅಳುತ್ತಿರುತ್ತಾರೆ. ಮೇಲಿನಿಂದ ಚಪ್ಪಾಳೆ ಬೀಳುತ್ತದೆ. ತಮ್ಮವರಿಂದ ಮಾತ್ರವಲ್ಲ, ಇಡೀ ಅಂಗಣದಿಂದ. ಅನಂತರ ಹುಡುಗರು ಮೊಣಕಾಲೂರಿ ಆ ಕಪ್ಪು ಮಣ್ಣನ್ನು ಬೊಗಸೆಯಲ್ಲಿ ತೆಗೆದು ಚೀಲಗಳಲ್ಲಿ ತುಂಬಿಕೊಳ್ಳುತ್ತಾರೆ. ಗೆದ್ದವರಿಗೆ ಮುಂದಿನ ಪಂದ್ಯವುಂಟು. ಸೋತವರಿಗೆ ಉಳಿಯುವುದು ಈ ಹಿಡಿಮಣ್ಣು.

1958ರಲ್ಲಿ ಓಕಿನಾವಾ ದ್ವೀಪದ ಶುರಿ ಪ್ರೌಢಶಾಲೆಯ ಪಕ್ಷವು ಮೊತ್ತಮೊದಲ ಬಾರಿಗೆ ಆ ದ್ವೀಪದಿಂದ ಕೋಶಿಯೆನ್‌ಗೆ ಬಂದಿತ್ತು. ಆಗ ಓಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಮೊದಲನೆಯ ಪಂದ್ಯದಲ್ಲಿಯೇ ಸೋತ ಆ ಹುಡುಗರು ಎಲ್ಲರಂತೆ ಮಣ್ಣು ತುಂಬಿಕೊಂಡು ಹಡಗಿನಲ್ಲಿ ಊರಿಗೆ ಮರಳಿದರು. ಬಂದರಿನಲ್ಲಿ ಅಧಿಕಾರಿಗಳು ತಡೆದರು. ಹೊರನಾಡಿನ ಮಣ್ಣು ಸಸ್ಯರೋಗಗಳನ್ನು ತರಬಹುದೆಂಬ ಕಟ್ಟಳೆಯಂತೆ ಅದನ್ನು ತರಕೂಡದೆಂದಾಯಿತು. ಹುಡುಗರ ಮಣ್ಣು ಎಸೆಯಲ್ಪಟ್ಟಿತು. ಈ ವಾರ್ತೆಯನ್ನು ತಿಳಿದ ಜಪಾನಿನ ವಿಮಾನ ಸಂಸ್ಥೆಯ ಪರಿಚಾರಿಕೆಯೊಬ್ಬಳು, ಮಣ್ಣಿಗೆ ತಡೆಯಿದ್ದರೂ ಕಲ್ಲಿಗೆ ತಡೆಯಿಲ್ಲವೆಂದು ಯೋಚಿಸಿ, ಕೋಶಿಯೆನ್ ಸಮೀಪದ ಸಣ್ಣ ಕಲ್ಲುಗಳನ್ನು ಆಯಿಸಿ ಆ ಶಾಲೆಗೆ ಕಳುಹಿಸಿಕೊಟ್ಟಳು. ಆ ಕಲ್ಲುಗಳನ್ನು ಅಳವಡಿಸಿದ ಸ್ಮಾರಕವೊಂದು ಶುರಿ ಶಾಲೆಯಲ್ಲಿ ಇದೆ. ಆಕೆಗೂ ಆ ಹುಡುಗರಿಗೂ ಬಂಧುತ್ವವಿರಲಿಲ್ಲ. ಅವರ ಗೆಲುವಿನಿಂದ ಆಕೆಗೆ ಆಗಬೇಕಾದ ಲಾಭವೂ ಇರಲಿಲ್ಲ. ದೂರದಿಂದಲೇ ನೋಡಿದಳು, ಆದರೆ ಬರಿದೆ ನೋಡಲಿಲ್ಲ.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಕೋಶಿಯೆನ್ ಒಂದು ಪುಣ್ಯಕ್ಷೇತ್ರವೆಂದೂ ಅಲ್ಲಿ ಕುಳಿತವರೆಲ್ಲರೂ ಸಜ್ಜನರೆಂದೂ ತೋರೀತು. ಕ್ಷೇತ್ರಗಳ ಮಹಿಮೆಯನ್ನು ಹಾಗೆ ಏಕಮುಖವಾಗಿ ವರ್ಣಿಸುವುದು ಸ್ಥಳಪುರಾಣಗಳ ಕ್ರಮ. ಸತ್ಯವು ಅದಕ್ಕಿಂತ ಖಾರವಾದುದು.

1992ನೆಯ ಆಗಸ್ಟ್ 16ರಂದು ಇಶಿಕಾವಾ ಪ್ರಾಂತದ ಸೇರ್ಯೋ ಶಾಲೆಗೂ ಕೋಚಿ ಪ್ರಾಂತದ ಮೇತೊಕು ಗಿಜುಕು ಶಾಲೆಗೂ ಪಂದ್ಯ. ಸೇರ್ಯೋ ಪಕ್ಷದ ಹಿದೆಕಿ ಮಾತ್ಸುಯಿ ಎಂಬ ಹುಡುಗನ ಹೊಡೆತಕ್ಕೆ ದೇಶವೇ ಬೆರಗಾಗಿತ್ತು. ಎಸೆತಗಾರನು ನಾಲ್ಕು ಬಾರಿ ಚೆಂಡನ್ನು ಗುರಿಯಿಂದ ಹೊರಗೆ ಹಾಕಿದರೆ ದಾಂಡಿಗನು ಹೊಡೆಯದೆಯೇ ಮೊದಲನೆಯ ನೆಲೆಗೆ ಹೋಗುತ್ತಾನೆಂಬುದು ಬೇಸ್‌ಬಾಲಿನ ನಿಯಮ. ಮೇತೊಕು ಪಕ್ಷದವರು ತಮ್ಮ ತರಬೇತುಗಾರನ ಅಪ್ಪಣೆಯಂತೆ ಮಾತ್ಸುಯಿ ಬಂದ ಐದು ಸಲವೂ ಹೀಗೆಯೇ ಮಾಡಿದರು. ಇಪ್ಪತ್ತು ಎಸೆತಗಳಲ್ಲಿ ಒಂದನ್ನೂ ಹೊಡೆಯುವ ಅವಕಾಶ ಆತನಿಗೆ ದೊರೆಯಲಿಲ್ಲ. ನಿಯಮಕ್ಕೆ ಇದರಿಂದ ಭಂಗವಿರಲಿಲ್ಲ. ಶೌರ್ಯಕ್ಕೆ ಭಂಗ ಬಂದಿತೆಂದು ಜನರಿಗೆ ತೋರಿತು. ಕೊನೆಯ ಸರದಿಯಲ್ಲಿ ಐದನೆಯ ಬಾರಿ ಹೀಗಾದಾಗ ಪ್ರೇಕ್ಷಕರು ಮೆಗಾಫೋನುಗಳನ್ನೂ ಕೈಗೆ ಸಿಕ್ಕಿದ ಕಸವನ್ನೂ ಮೈದಾನಕ್ಕೆ ಎಸೆದರು. ಆಟವನ್ನು ನಿಲ್ಲಿಸಿ ಅವುಗಳನ್ನು ಹೆಕ್ಕಬೇಕಾಯಿತು. ಮೇತೊಕು 3-2ರಿಂದ ಗೆದ್ದಿತು. ಗೆದ್ದವರ ಶಾಲಾಗೀತೆ ನುಡಿಯುತ್ತಿದ್ದಾಗ ಸಾವಿರಾರು ಕೊರಳುಗಳು 'ಹಿಂದಿರುಗಿ ಹೋಗಿ' ಎಂದು ಕೂಗಿದುವು. ಮುಂದಿನ ಪಂದ್ಯದಲ್ಲಿ ಆ ಹುಡುಗರು ಒಂದು ಓಟವನ್ನೂ ಗಳಿಸಲಾರದೆ 0-8ರಿಂದ ಸೋತು ಊರು ಸೇರಿದರು.

ಆ ದಿನದ ಉಪಾಯ ಸರಿಯೋ ತಪ್ಪೋ ಎಂಬ ವಾದವನ್ನು ಜಪಾನಿನವರು ಇಂದಿಗೂ ಮುಗಿಸಿಲ್ಲ; ಆ ವಾದ ಇಲ್ಲಿ ಬೇಕಾಗಿಯೂ ಇಲ್ಲ. ಬೇಕಾದುದು ಇಷ್ಟೆ. ಕಸವನ್ನು ಎಸೆದವರು ಬಹುಮಟ್ಟಿಗೆ ಬೆಳೆದವರು; ಅದು ಬಿದ್ದುದು ಹದಿನೇಳು ಹದಿನೆಂಟರ ಹುಡುಗರ ಸುತ್ತ. ಎಸೆದವರಲ್ಲಿ ಒಬ್ಬೊಬ್ಬನನ್ನೂ ಬೇರೆಯಾಗಿ ಕರೆದು ಕೇಳಿದ್ದರೆ 'ಅನ್ಯಾಯವನ್ನು ಸಹಿಸಲಾರದೆ ಎಸೆದೆ' ಎನ್ನುತ್ತಿದ್ದನು. ಆತನ ಒಳಗೆ ನಡೆದುದು ಬೇರೆ. ಆತನು ಬಿಸಿಲಿನಲ್ಲಿ ಕುಳಿತು ಕಾದಿದ್ದುದು ಮಾತ್ಸುಯಿಯ ಹೊಡೆತವನ್ನು ನೋಡುವ ಸುಖಕ್ಕಾಗಿ. ಆ ಸುಖ ತಪ್ಪಿತು. ತಪ್ಪಿದ ಸುಖವು ಧರ್ಮಕೋಪದ ವೇಷವನ್ನು ಧರಿಸಿ ಹೊರಬಂದಿತು. ಮಾತ್ಸುಯಿಯಾದರೋ ಐದು ಸಲವೂ ಮುಖದಲ್ಲಿ ವಿಕಾರವನ್ನು ತೋರದೆ ದಾಂಡನ್ನು ನೆಲದ ಮೇಲಿಟ್ಟು ಮೊದಲನೆಯ ನೆಲೆಗೆ ನಡೆದನು. ಸುಖ ನಿಜವಾಗಿಯೂ ತಪ್ಪಿದುದು ಆತನಿಗೆ.

ಪ್ರೇಕ್ಷಕರ ಕೋಪ ಹೀಗೆ ನೋಯಿಸಿದರೆ, ಅವರ ಪ್ರೀತಿ ನೋಯಿಸಿದ ಕಥೆ ಅದರ ಹಿಂದಿನ ವರ್ಷದ್ದು. ಓಕಿನಾವಾದ ಇನ್ನೊಂದು ಶಾಲೆಯ ಎಸೆತಗಾರನು 1991ರ ಬೇಸಗೆಯಲ್ಲಿ ಮೊಣಕೈ ನೋವನ್ನು ಅಡಗಿಸಿಕೊಂಡು ಆರು ಪಂದ್ಯಗಳಲ್ಲಿ 773 ಎಸೆತಗಳನ್ನು ಎಸೆದನು. ಅಂತಿಮ ಪಂದ್ಯದಲ್ಲಿ ಆತನ ಶಾಲೆ 13-8ರಿಂದ ಸೋತಿತು. ಆಮೇಲೆ ನೋಡಿದರೆ ಮೊಣಕೈಯ ಎಲುಬು ಮುರಿದಿತ್ತು. ಎಸೆತಗಾರನಾಗಿ ಆತನ ಬಾಳು ಅಲ್ಲಿಗೆ ಮುಗಿಯಿತು. ನೋವಿನಿಂದ ಮುಖ ಕಿವಿಚುತ್ತ ಎಸೆಯುವ ಹುಡುಗನನ್ನು ಕಂಡು ಅಂಗಣದ ಜನ ಕಣ್ಣೀರಿಟ್ಟು ಚಪ್ಪಾಳೆ ತಟ್ಟುವುದುಂಟು. ಅದು ನಿಜವಾದ ಕಣ್ಣೀರೇ. ಆದರೆ ಆ ಚಪ್ಪಾಳೆಯು ಹುಡುಗನ ಕಿವಿಗೆ ಹೇಗೆ ಕೇಳಿಸುತ್ತದೆ? 'ಇನ್ನೊಂದು ಎಸೆ' ಎಂದು ಕೇಳಿಸುತ್ತದೆ. 2018ರಲ್ಲಿ ಅಕಿತಾ ಪ್ರಾಂತದ ಕನಾಶಿ ಎಂಬ ಕೃಷಿ ಪ್ರೌಢಶಾಲೆಯು ಅಂತಿಮ ಪಂದ್ಯದವರೆಗೆ ಏರಿದಾಗ, ಒಕ್ಕಲು ಮಕ್ಕಳ ಶಾಲೆಯೆಂಬ ಅಭಿಮಾನದಿಂದ ದೇಶವೆಲ್ಲ ಅದರ ಪಕ್ಷವಾಗಿತ್ತು. ಅದರ ಎಸೆತಗಾರ ಕೋಸೇ ಯೋಶಿದಾ ಆ ಪಂದ್ಯಾವಳಿಯಲ್ಲಿ ಎಸೆದುದು 881 ಎಸೆತ. ಮಕ್ಕಳ ಎಲುಬಿಗೂ ಒಂದು ಲೆಕ್ಕವಿದೆಯೆಂದು ಹೇಳಬೇಕಾಗಿದ್ದವರು ಅಷ್ಟು ದಿನವೂ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಆಯ್ದಕ್ಕಿ ಮಾರಯ್ಯನವರ ಕಥೆ ಎಲ್ಲರಿಗೂ ತಿಳಿದುದೇ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ, ಅದರಿಂದಲೇ ದಾಸೋಹ. ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಿತು. ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಹೆಚ್ಚಿನದು ಎಲ್ಲಿಂದ ಬಂದಿತೆಂದು ಕೇಳಿ, ಅದು ಅತಿಯಾಸೆಯೆಂದು ಗಂಡನಿಗೆ ತಿಳಿಹೇಳಿ, ಅದನ್ನು ಇದ್ದಲ್ಲಿಗೇ ಚೆಲ್ಲಿ ಬರುವಂತೆ ಹಿಂದಕ್ಕೆ ಕಳುಹಿಸಿದರು. ಕದ್ದ ಅಕ್ಕಿಯಲ್ಲ, ಬೇಡಿದ ಅಕ್ಕಿಯಲ್ಲ, ನೆಲಕ್ಕೆ ಬಿದ್ದುದೇ. ಆದರೂ ಅಳತೆ ಮೀರಿತ್ತು. ಮಕ್ಕಳ ಆಟದಿಂದ ಆನಂದವೆಂಬ ಕಾಳು ತಾನಾಗಿಯೇ ಉದುರುತ್ತದೆ. ಓಡುವ ಕಾಲುಗಳ ಚೆಲುವು, ತಪ್ಪಿ ಬಿದ್ದವನು ಮರಳಿ ಏಳುವ ಧೈರ್ಯ, ಗೆಳೆಯನ ಹೆಗಲ ಮೇಲಿನ ಕೈ, ಇವೆಲ್ಲ ಅಂಗಳದಲ್ಲಿ ಬಿದ್ದ ಅಕ್ಕಿ. ನೋಡಬಂದವನು ಆಯ್ದುಕೊಂಡು ಹೋಗಬಹುದು. ಅದು ಆತನ ಪಾಲು. ಆತನಾದರೋ ಉದುರಿದುದು ಸಾಲದೆಂದು ನಿಂತ ಪೈರಿನ ತೆನೆಗೇ ಕೈ ಹಾಕುತ್ತಾನೆ. ತಾನು ಕಂಡ ಕನಸನ್ನು, ತನ್ನ ಊರಿನ ಹೆಮ್ಮೆಯನ್ನು, ತನ್ನ ಹರೆಯದಲ್ಲಿ ಕೈತಪ್ಪಿದ ಗೆಲುವನ್ನು ಹದಿನೇಳರ ಹುಡುಗನ ತೋಳಿನಿಂದ ಕಿತ್ತುಕೊಳ್ಳಹೊರಡುತ್ತಾನೆ. ಬಸವಣ್ಣನವರು ದಯೆಯನ್ನು ಧರ್ಮದ ಬುಡದಲ್ಲಿಟ್ಟುದು ಪ್ರಾಣಿಗಳನ್ನು ಕೊಲ್ಲಬಾರದೆಂಬಷ್ಟಕ್ಕೇ ನಿಲ್ಲುವ ಮಾತಲ್ಲ. ಎದುರಿನ ಜೀವದಿಂದ ತಾನು ಎಷ್ಟು ತೆಗೆದುಕೊಳ್ಳಬಹುದು ಎಂಬ ಅಳತೆಯೂ ದಯೆಯೊಳಗೇ ಇದೆ.

ಜಪಾನಿನ ಹಿರಿಯರಿಗೆ ಈ ಅಳತೆ ತಡವಾಗಿಯಾದರೂ ಹೊಳೆಯಿತೆಂದು ಹೇಳಬೇಕು. 1991ರ ಆ ಹುಡುಗನ ಬಳಿಕ ಎಸೆತಗಾರರ ಭುಜ, ಮೊಣಕೈಗಳನ್ನು ವೈದ್ಯರಿಂದ ಪರೀಕ್ಷಿಸುವ ಏರ್ಪಾಡಾಯಿತು. ಒಬ್ಬನು ಒಂದು ವಾರದಲ್ಲಿ 500ಕ್ಕಿಂತ ಹೆಚ್ಚು ಎಸೆತಗಳನ್ನು ಎಸೆಯಕೂಡದೆಂಬ ಮಿತಿ 2020ರಲ್ಲಿ ಬಂದಿತು. ಬಿಸಿಲಿನ ಬೇಗೆಯನ್ನು ಎಣಿಸಿ 2023ರಲ್ಲಿ ಐದನೆಯ ಸರದಿಯ ಬಳಿಕ ಹತ್ತು ನಿಮಿಷ ತಂಪಿನಲ್ಲಿ ವಿಶ್ರಾಂತಿ ಕೊಟ್ಟರು. 2024ರಲ್ಲಿ ಮೊದಲ ಮೂರು ದಿನ ನಡುಹಗಲನ್ನು ಬಿಟ್ಟು ಬೆಳಗ್ಗೆ ಮತ್ತು ಸಂಜೆ ಆಡಿಸಿದರು. ಆಟದ ಕಾವು ತಣ್ಣಗಾಯಿತು, ಹಿಂದಿನ ಕಾಲದ ಗಟ್ಟಿತನ ಹೋಯಿತು ಎಂದು ಗೊಣಗುವವರು ಅಲ್ಲಿಯೂ ಇದ್ದಾರೆ. ಚಾವಣಿಯ ನೆರಳಿನಲ್ಲಿ ಕುಳಿತು ಮಂಜುಗಡ್ಡೆಯ ನೀರನ್ನು ಹೀರುತ್ತ ಹಾಗೆ ಹೇಳುವುದು ಕಷ್ಟವೇನಲ್ಲ.

ಈ ಏರ್ಪಾಡುಗಳಿಗಿಂತಲೂ ಮಿಗಿಲಾದುದು ಒಂದಿದೆ. ದಾಂಡಿಗನ ಹಿಂದೆ, ಬಲೆಯ ಮರೆಯಲ್ಲಿರುವ ಮುಂಸಾಲಿನ ಆಸನಗಳು ಎಲ್ಲಕ್ಕಿಂತ ಉತ್ತಮವಾದುವು. ಅನೇಕ ವರ್ಷ ಅವನ್ನು ಇರುಳೆಲ್ಲ ಬಾಗಿಲಲ್ಲಿ ಕಾದು ಹಿಡಿಯುತ್ತಿದ್ದವರು ಬೆಳೆದ ಆಟಪ್ರಿಯರು. 2016ರಲ್ಲಿ ಅಲ್ಲಿನ 118 ಆಸನಗಳನ್ನು ಬೇಸ್‌ಬಾಲ್ ಕಲಿಯುತ್ತಿರುವ ಚಿಕ್ಕ ಮಕ್ಕಳಿಗೆಂದು ತೆಗೆದಿಟ್ಟರು. ದೂರದರ್ಶನದಲ್ಲಿ ನೋಡುವವರಿಗೆ ಎಸೆತಗಾರನ ಎದುರಿನಲ್ಲಿ ಆಗ ಕಂಡುದು ಬಾಯ್ದೆರೆದು ನೋಡುವ ಮಕ್ಕಳ ಮುಖಗಳು. ಅವರಿಗೆ ಆಡುವವನಿಂದ ಏನನ್ನೂ ಕಿತ್ತುಕೊಳ್ಳಬೇಕಾಗಿಲ್ಲ. ಇಂಥ ಸುಂದರವಾದ ತೀರ್ಮಾನವನ್ನು ಒಂದು ಕ್ರೀಡಾಂಗಣದ ಆಡಳಿತವು ಮಾಡಿತೆಂಬುದು ಮಠಮಂದಿರಗಳ ಆಡಳಿತದವರೂ ಗಮನಿಸತಕ್ಕ ವಿಷಯ. ದಾಸೋಹದ ಪಂಕ್ತಿಯಲ್ಲಿಯೂ ಸಭೆಯಲ್ಲಿಯೂ ಮುಂದಿನ ಸಾಲು ಯಾರಿಗೆ ಮೀಸಲಾಗಿರುತ್ತದೆಂಬುದನ್ನು ಎಲ್ಲರೂ ಬಲ್ಲರು.

ಸದ್ಭಕ್ತರ ಮಕ್ಕಳೂ ಆಡುತ್ತಾರೆ. ಊರ ಶಾಲೆಯ ಬಯಲಿನಲ್ಲಿ ಖೋ ಖೋ, ಕಬಡ್ಡಿ. ಗೆದ್ದರೆ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ. ಸುಣ್ಣದ ಗೆರೆಯ ಹೊರಗೆ ನಿಂತ ತಂದೆಯು ಮನೆಯಲ್ಲಿ ಪೂಜೆಯ ಹೊತ್ತಿಗೆ ಎಷ್ಟು ಶಾಂತನಾಗಿರುತ್ತಾನೋ ಇಲ್ಲಿ ಅಷ್ಟೇ ಉಗ್ರನಾಗಿ, ತೀರ್ಪುಗಾರನಾಗಿ ನಿಂತ ಉಪಾಧ್ಯಾಯನನ್ನು ಏಕವಚನದಲ್ಲಿ ಕರೆಯುವುದುಂಟು. ಹಿಡಿತ ತಪ್ಪಿದ ಮಗ ಮೊದಲು ನೋಡುವುದು ಎದುರಾಳಿಯ ಕಡೆಗಲ್ಲ, ಗೆರೆಯ ಆಚೆ ನಿಂತ ಅಪ್ಪನ ಮುಖದ ಕಡೆಗೆ. ಆ ಗಳಿಗೆಯಲ್ಲಿ ಅಪ್ಪನ ಮುಖದಲ್ಲಿ ಏನಿತ್ತೆಂಬುದನ್ನು ಹುಡುಗನು ಪದಕವನ್ನು ಮರೆತ ಮೇಲೂ ಮರೆಯುವುದಿಲ್ಲ. ಇದನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ.

ನೋಡುವವರೇ ಇಲ್ಲದಿದ್ದರೆ ಏನಾಗುತ್ತದೆಂಬುದನ್ನೂ ಕೋಶಿಯೆನ್ ಕಂಡಿದೆ. ಮಹಾಮಾರಿಯ ನಿಮಿತ್ತ 2020ರ ಬೇಸಗೆಯ ಪಂದ್ಯಾವಳಿ ರದ್ದಾಯಿತು. 2021ರಲ್ಲಿ ಆಟ ನಡೆದರೂ ಶಾಲೆಗಳಿಗೆ ಸೇರಿದವರ ಹೊರತು ಸಾರ್ವಜನಿಕರಿಗೆ ಪ್ರವೇಶವಿರಲಿಲ್ಲ. ಅದಕ್ಕೂ ಹಿಂದೆ, ಮಹಾಯುದ್ಧದ ನಿಮಿತ್ತ 1941ರಿಂದ 1945ರವರೆಗೆ ಪಂದ್ಯಾವಳಿ ನಿಂತುಹೋಗಿತ್ತು. ಪ್ರೇಕ್ಷಕರಿಗೆ ನೆರಳು ಕೊಡುತ್ತಿದ್ದ ಕಬ್ಬಿಣದ ದೊಡ್ಡ ಚಾವಣಿಯನ್ನು 1943ರಲ್ಲಿ ಯುದ್ಧದ ಲೋಹಕ್ಕಾಗಿ ಕಿತ್ತುಕೊಟ್ಟರು. ಸೇಯಿಚಿ ಶಿಮಾ ಎಂಬ ಹುಡುಗನು 1939ರಲ್ಲಿ ಐದು ಪಂದ್ಯಗಳಲ್ಲಿಯೂ ಎದುರಾಳಿಗಳಿಗೆ ಒಂದು ಓಟವನ್ನೂ ಕೊಡದೆ ತನ್ನ ಶಾಲೆಯನ್ನು ಗೆಲ್ಲಿಸಿದ್ದನು. 1945ರಲ್ಲಿ, 24ರ ವಯಸ್ಸಿನಲ್ಲಿ, ಆತನು ಸಮುದ್ರದ ಮೇಲೆ ಯುದ್ಧದಲ್ಲಿ ಮಡಿದನು. ಆತನಿಗಾಗಿ ಚಪ್ಪಾಳೆ ತಟ್ಟಿದ ದೇಶವೇ ಆತನನ್ನು ಕಳುಹಿಸಿತು.

ಆಗಸ್ಟ್ 15 ಆ ಯುದ್ಧವು ಮುಗಿದ ದಿನ. ಪ್ರತಿ ವರ್ಷ ಆ ದಿನ ಪಂದ್ಯ ನಡೆಯುತ್ತಿದ್ದರೆ ನಡುಹಗಲು ಹನ್ನೆರಡು ಗಂಟೆಗೆ ಆಟವನ್ನು ನಿಲ್ಲಿಸುತ್ತಾರೆ. ಸೈರನ್ ಮೊಳಗುತ್ತದೆ. ಎಸೆತಗಾರನು ಎಸೆಯುವ ದಿಬ್ಬದ ಬಳಿ, ದಾಂಡಿಗನು ತನ್ನ ಗೆರೆಯ ಬಳಿ ಟೊಪ್ಪಿಗೆಯನ್ನು ತೆಗೆದು ತಲೆಬಾಗುತ್ತಾರೆ. ಮೆಟ್ಟಿಲುಗಳ ಮೇಲಿನ ಸಾವಿರಾರು ಮಂದಿಯೂ ಎದ್ದು ಹಾಗೆಯೇ ನಿಲ್ಲುತ್ತಾರೆ. ತುತ್ತೂರಿಗಳಿಲ್ಲ, ಮದ್ದಳೆಗಳಿಲ್ಲ. ಒಂದು ನಿಮಿಷ ಆಡುವವರೂ ನೋಡುವವರೂ ಎಂಬ ಭೇದವೇ ಅಲ್ಲಿ ಇರುವುದಿಲ್ಲ. ಬಳಿಕ ಟೊಪ್ಪಿಗೆಗಳು ತಲೆಗೆ ಏರುತ್ತವೆ. ಆಟ ನಿಂತಲ್ಲಿಂದ ಮುಂದುವರಿಯುತ್ತದೆ.

ದಿನಕ್ಕೆ ನಾಲ್ಕು ಪಂದ್ಯಗಳಿರುವುದುಂಟು. ಸೋತ ಶಾಲೆಯವರು ಹೆಚ್ಚು ಹೊತ್ತು ಕುಳಿತಿರುವಂತಿಲ್ಲ. ಮುಂದಿನ ಶಾಲೆಯ ಜನ ಆಗಲೇ ಹೊರಗೆ ವಾದ್ಯಗಳನ್ನು ಹೊತ್ತು ಕಾದಿರುತ್ತಾರೆ. ಆಟದ ಉಡುಪನ್ನು ತೊಟ್ಟ, ಆಡದ ಹುಡುಗರು ಪತಾಕೆಗಳನ್ನು ಮಡಚಿ, ಮದ್ದಳೆಗಳಿಗೆ ಗವಸು ಕಟ್ಟಿ, ತಾವು ಕುಳಿತ ಮೆಟ್ಟಿಲುಗಳ ಕಸವನ್ನು ಆಯ್ದುಕೊಂಡು ಇಳಿಯುತ್ತಾರೆ. ಕೆಳಗೆ ಮೈದಾನದ ಕೆಲಸಗಾರರು ಬೊಗಸೆಗಳು ತೋಡಿದ ಕುಳಿಗಳನ್ನು ಸಮಮಾಡಿ, ಒಣಗಿದ ಕಪ್ಪು ಮಣ್ಣಿಗೆ ಉದ್ದನೆಯ ಕೊಳವೆಯಿಂದ ನೀರು ಹಾಯಿಸುತ್ತಾರೆ. ಮೇಲೆ ಬೇರೊಂದು ಶಾಲೆಯ ತುತ್ತೂರಿಗಳು ಶ್ರುತಿ ಮಾಡಿಕೊಳ್ಳುತ್ತಿರುತ್ತವೆ.